ಪಟ್ಟಿ ಬಿಡಿ, ಪ್ರಶ್ನೆ ಹಿಡಿಯಿರಿ: ನೋಟ ಬದಲಿಸುವ ಸಮಾಜ-ರಾಜಕೀಯದ ಪುಸ್ತಕ ಹುಡುಕುವ ಬಗೆ

‘ಓದಲೇಬೇಕಾದ ನೂರು ಪುಸ್ತಕಗಳು’ ಎಂಬ ಪಟ್ಟಿ ಆಗಾಗ ವಾಟ್ಸಾಪ್‌ಗೆ ಬಂದು ಬೀಳುತ್ತಲೇ ಇರುತ್ತದೆ. ಅದನ್ನು ನಂಬಿ ನಾಲ್ಕು ದಪ್ಪ ಪುಸ್ತಕ ತರಿಸಿಕೊಂಡು, ನಲವತ್ತನೇ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಮುಚ್ಚಿಟ್ಟವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಪುಸ್ತಕದ್ದೇನೂ ತಪ್ಪಿಲ್ಲ, ಓದುಗರದ್ದೂ ಇಲ್ಲ. ಆ ಪುಸ್ತಕ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿತ್ತೋ ಆ ಪ್ರಶ್ನೆ ಕೊಂಡವರ ತಲೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ನಾವು ನಂಬಿಕೊಂಡು ಬಂದದ್ದನ್ನು ಅಲ್ಲಾಡಿಸುವ ಪುಸ್ತಕ ಸಿಗಬೇಕಾದರೆ ಮೊದಲು ನಮ್ಮದೇ ಒಂದು ಪ್ರಶ್ನೆ ಬೇಕು. ಆಮೇಲೆ ಒಂದು ಪುಸ್ತಕ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾರಿ ತೋರಿಸುತ್ತದೆ. ಈ ಬರಹದಲ್ಲಿ ಆ ದಾರಿಯನ್ನು ಒಂದೇ ಉದಾಹರಣೆ ಹಿಡಿದು ತೋರಿಸುತ್ತೇನೆ: ಮೀಸಲಾತಿ. ಬೇಕೆಂದೇ ಅದನ್ನು ಆರಿಸಿದ್ದೇನೆ. ಅದರ ಬಗ್ಗೆ ಮಾತಾಡದವರಿಲ್ಲ, ಓದಿದವರು ಕಡಿಮೆ. ಮೇಲಾಗಿ ನಮ್ಮ ರಾಜ್ಯದಲ್ಲಿ ಅದರ ಕಾಗದಪತ್ರಗಳು ನೂರು ವರ್ಷಕ್ಕೂ ಹಿಂದಿನವು.

ಹೆಜ್ಜೆ 1: ಪ್ರಶ್ನೆಯನ್ನು ಸಣ್ಣದು ಮಾಡಿ

‘ಭಾರತೀಯ ಸಮಾಜವನ್ನು ಅರ್ಥ ಮಾಡಿಕೊಳ್ಳಬೇಕು’ ಎಂದು ಹೊರಟರೆ ಯಾವ ಪುಸ್ತಕದಂಗಡಿಯವರೂ ಸಹಾಯ ಮಾಡಲಾರರು. ಪ್ರಶ್ನೆ ಪುಟ್ಟದಿರಬೇಕು, ಹೌದೋ ಅಲ್ಲವೋ ಎಂದು ನೋಡಬಹುದಾದಂಥದ್ದಿರಬೇಕು. ಅಂಥವು ಸಾಮಾನ್ಯವಾಗಿ ಹುಟ್ಟುವುದು ಮನೆಯ ಜಗಳದಲ್ಲಿ. ಸಿಇಟಿ ರ‍್ಯಾಂಕ್ ಬಂದ ದಿನ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಹತ್ತೇ ವರ್ಷ ಅಂತ ಬರೆದಿಟ್ಟಿದ್ರಪ್ಪ, ಈ ರಾಜಕಾರಣಿಗಳು ಮುಗಿಸೋಕೆ ಬಿಡ್ತಿಲ್ಲ.”

ಈ ಮಾತನ್ನು ಹಿಡಿದುಕೊಳ್ಳಿ. ಎಲ್ಲಿ ಬರೆದಿಟ್ಟಿದ್ದರು? ಸಂವಿಧಾನದ 334ನೇ ಅನುಚ್ಛೇದ ತೆಗೆದು ನೋಡಿದರೆ ಹತ್ತು ವರ್ಷದ ಮಾತು ನಿಜವಾಗಿಯೂ ಇದೆ. ಆದರೆ ಅದು ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲು ಸ್ಥಾನಗಳಿಗೆ ಸಂಬಂಧಿಸಿದ್ದು. ತಿದ್ದುಪಡಿಯ ಮೇಲೆ ತಿದ್ದುಪಡಿಯಾಗಿ ಆ ಅವಧಿ ಈಗ 2030ರವರೆಗೆ ಬಂದು ನಿಂತಿದೆ. ಸರ್ಕಾರಿ ನೌಕರಿಯ ಮೀಸಲಾತಿ ಇರುವುದು 16(4)ರಲ್ಲಿ, ಅಲ್ಲಿ ಕಾಲಮಿತಿಯೇ ಇಲ್ಲ. ಕಾಲೇಜು ಸೀಟುಗಳಿಗೆ ಆಧಾರವಾದ 15(4) ಮೂಲ ಸಂವಿಧಾನದಲ್ಲಿ ಇರಲೇ ಇಲ್ಲ. ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ತಳ್ಳಿಹಾಕಿದ ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣದ ತೀರ್ಪು ಬಂದ ಮೇಲೆ, 1951ರಲ್ಲಿ, ಮೊದಲನೇ ತಿದ್ದುಪಡಿಯ ಮೂಲಕ ಸೇರಿದ್ದು.

ಮೂರು ಅನುಚ್ಛೇದ ಓದಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತೂ ಬೇಡ. ಆದರೆ ಓದಿದ ಮೇಲೆ ಪ್ರಶ್ನೆ ತಾನಾಗಿಯೇ ಬೆಳೆಯುತ್ತದೆ. ಕಾಲಮಿತಿ ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಯಾಕೆ ಇಡಲಿಲ್ಲ? ‘ಹಿಂದುಳಿದವರು’ ಯಾರೆಂದು ಯಾರು ತೀರ್ಮಾನಿಸಿದರು? ಇನ್ನು ಪುಸ್ತಕ ಹುಡುಕಬಹುದು.

ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಈ ವಿಷಯದ ಬಗ್ಗೆ ನೀವು ಸದ್ಯ ಏನು ನಂಬಿದ್ದೀರಿ ಎಂದು ನಾಲ್ಕು ಸಾಲು ಬರೆದು, ತಾರೀಖು ಹಾಕಿ ಎತ್ತಿಡಿ. ಬರೆಯದಿದ್ದರೆ ಆಮೇಲೆ ‘ನಾನು ಮೊದಲಿಂದಲೂ ಹೀಗೇ ಅಂದುಕೊಂಡಿದ್ದೆ’ ಎಂದು ಮನಸ್ಸು ಸಲೀಸಾಗಿ ಸುಳ್ಳು ಹೇಳುತ್ತದೆ.

ಹೆಜ್ಜೆ 2: ತೆಳ್ಳಗಿರುವುದರಿಂದ ಶುರು ಮಾಡಿ

ಆರು ನೂರು ಪುಟದ ‘ಸಮಗ್ರ ಇತಿಹಾಸ’ ಮೊದಲ ಪುಸ್ತಕವಾಗಬಾರದು. ಭಾಷಣ, ಕಿರುಹೊತ್ತಗೆ, ಪತ್ರಗಳ ಸಂಗ್ರಹ ಇಂಥವು ಒಳ್ಳೆಯದು. ಅವುಗಳಲ್ಲಿ ಬರೆದವರು ಯಾರ ಜೊತೆಗೋ ಜಗಳಕ್ಕೆ ನಿಂತಿರುತ್ತಾರೆ. ಹಾಗಾಗಿ ವಿಷಯದ ಎರಡೂ ಬದಿ ಬೇಗ ಕಾಣುತ್ತದೆ.

ನಮ್ಮ ಉದಾಹರಣೆಗೆ ಅಂಬೇಡ್ಕರರ ‘ಜಾತಿ ವಿನಾಶ’. 1936ರಲ್ಲಿ ಜಾತಿ ಮುರಿಯಬೇಕೆಂದು ಹೊರಟಿದ್ದ ಲಾಹೋರಿನ ಸಂಘ ಜಾತ್-ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆಯಿತು. ಭಾಷಣದ ಪ್ರತಿ ಮೊದಲೇ ಕೈಸೇರಿದಾಗ ಕೆಲವು ಭಾಗ ತೆಗೆಯಿರೆಂದು ಕೇಳಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲವೆಂದು ಅಂಬೇಡ್ಕರ್ ಉತ್ತರ ಬರೆದರು. ಸಮ್ಮೇಳನ ನಡೆಯಲಿಲ್ಲ, ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. 1500 ಪ್ರತಿ ಎರಡು ತಿಂಗಳಲ್ಲಿ ಮುಗಿಯಿತು.

ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅದಕ್ಕೆ ಪ್ರತಿಕ್ರಿಯೆ ಬರೆದರು. ಎಂಟಾಣೆ ಬೆಲೆ ಜಾಸ್ತಿಯಾಯಿತು, ಎರಡಾಣೆಗೋ ಕೊನೆಯ ಪಕ್ಷ ನಾಲ್ಕಾಣೆಗೋ ಇಳಿಸಬೇಕಿತ್ತು ಎಂದೂ ಸೇರಿಸಿದರು! ಮರುವರ್ಷದ ಎರಡನೇ ಆವೃತ್ತಿಯಲ್ಲಿ ಅಂಬೇಡ್ಕರ್ ಗಾಂಧಿಯವರ ಟೀಕೆಯನ್ನೂ ತಮ್ಮ ಉತ್ತರವನ್ನೂ ಒಟ್ಟಿಗೇ ಛಾಪಿಸಿದರು. ಲಾಹೋರಿನವರ ಜೊತೆಗಿನ ಪತ್ರವ್ಯವಹಾರವೂ ಪುಸ್ತಕದಲ್ಲೇ ಇದೆ. ಅಂದರೆ ಒಂದೇ ತೆಳ್ಳನೆಯ ಪುಸ್ತಕದಲ್ಲಿ ಆಹ್ವಾನಿಸಿದವರು, ಮಾತಾಡಿದವರು, ಒಪ್ಪದವರು ಮೂವರೂ ಸಿಗುತ್ತಾರೆ. ಕೊಳ್ಳುವಾಗ ಇವೆಲ್ಲ ಇರುವ ಆವೃತ್ತಿಯನ್ನೇ ಕೇಳಿ. ಭಾಷಣ ಮಾತ್ರ ಅಚ್ಚು ಹಾಕಿದ ಪ್ರತಿಗಳೂ ಮಾರಾಟಕ್ಕಿರುತ್ತವೆ, ಅವುಗಳಲ್ಲಿ ಅರ್ಧ ರುಚಿ ಹೋಗಿರುತ್ತದೆ.

ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಪುಸ್ತಕ ಗುಜರಾತಿ, ತಮಿಳಿಗೆ ಬಂದಿದೆ, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂಗೆ ಬರುತ್ತಿದೆ ಎಂದಿದೆ. ಕನ್ನಡದ ಹೆಸರಿಲ್ಲ. ಈಗ ಆ ಕೊರತೆ ಇಲ್ಲ; ಅಂಬೇಡ್ಕರರ ಬರಹ-ಭಾಷಣಗಳ ಕನ್ನಡ ಸಂಪುಟಗಳನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ತಂದಿದೆ.

ಹೆಜ್ಜೆ 3: ಪುಸ್ತಕವನ್ನು ಹಿಂದಿನಿಂದ ತಿರುವಿ ಹಾಕಿ

ಅಂಗಡಿಯಲ್ಲಿ ನಿಂತಾಗ ಬೆನ್ನುಡಿಯನ್ನು ನಂಬಬೇಡಿ. ಕನ್ನಡದಲ್ಲಿ ಬೆನ್ನುಡಿ ಎಂದರೆ ಬಹಳಷ್ಟು ಸಲ ಸ್ನೇಹಿತರ ಪ್ರೀತಿ. ಅದರ ಬದಲು ಕೊನೆಯ ಪುಟಗಳಿಗೆ ಹೋಗಿ. ಗ್ರಂಥಋಣ ಇದೆಯೇ? ಅಡಿಟಿಪ್ಪಣಿ ಇದೆಯೇ? ಇದ್ದರೆ ಅಲ್ಲಿ ಎಂಥ ಆಕರಗಳಿವೆ? ಲೇಖಕರು ತಮ್ಮ ಬಳಗದವರ ಪುಸ್ತಕಗಳನ್ನು ಮಾತ್ರ ಹೆಸರಿಸಿದ್ದಾರೆಯೇ, ವರದಿ, ತೀರ್ಪು, ಗಣತಿ, ತಮ್ಮನ್ನು ಒಪ್ಪದವರ ಬರಹ ಇವೂ ಇವೆಯೇ? ಎರಡು ನಿಮಿಷದಲ್ಲಿ ಪುಸ್ತಕದ ಯೋಗ್ಯತೆ ಅರ್ಧ ತಿಳಿದುಹೋಗುತ್ತದೆ. ‘ಸಂಶೋಧನೆಗಳು ಹೇಳುತ್ತವೆ’ ಎಂದು ಹತ್ತು ಸಲ ಬರೆದು ಒಂದು ಸಂಶೋಧನೆಯ ಹೆಸರೂ ಹೇಳದ ಪುಸ್ತಕವನ್ನು ನಾನಂತೂ ಅಲ್ಲೇ ಇಟ್ಟು ಬರುತ್ತೇನೆ, ಎಡದ್ದಾಗಲಿ ಬಲದ್ದಾಗಲಿ.

ಪದಸೂಚಿ ಇದ್ದರಂತೂ ಅದೃಷ್ಟ. ನಿಮ್ಮ ಪ್ರಶ್ನೆಯ ಪದವನ್ನು ಅಲ್ಲಿ ಹುಡುಕಿ, ಆ ಎರಡು ಪುಟ ಮಾತ್ರ ನಿಂತಲ್ಲೇ ಓದಿ. ಕನ್ನಡದ ವಿಚಾರ ಸಾಹಿತ್ಯದಲ್ಲಿ ಪದಸೂಚಿ ಹಾಕುವ ಅಭ್ಯಾಸ ಇನ್ನೂ ಕಡಿಮೆ. ಪ್ರಕಾಶಕರು ಮನಸ್ಸು ಮಾಡಿದರೆ ಓದುಗರಿಗೆ ದೊಡ್ಡ ಉಪಕಾರ.

ಅಂಗಡಿಯವರ ಪಟ್ಟಿ ಬೇರೆ, ಲೇಖಕರ ಋಣದ ಪಟ್ಟಿ ಬೇರೆ. ಗಾಂಧಿ 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್‌ಗೆ ಹೊರಟಾಗ ಗೆಳೆಯ ಹೆನ್ರಿ ಪೋಲಕ್ ದಾರಿಯಲ್ಲಿ ಓದಲೆಂದು ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕ ಕೊಟ್ಟರು. ಗಾಂಧಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. ಐದು ವರ್ಷದ ನಂತರ ಲಂಡನ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆದಾಗ, ಅದರ ಅನುಬಂಧದಲ್ಲಿ ತಮ್ಮನ್ನು ಬೆಳೆಸಿದ ಪುಸ್ತಕಗಳ ಹೆಸರು ಕೊಟ್ಟರು: ರಸ್ಕಿನ್, ಟಾಲ್‌ಸ್ಟಾಯ್, ಥೋರೋ, ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ. ಇಂಥ ಪಟ್ಟಿ ಸಿಕ್ಕರೆ ಬಿಡಬೇಡಿ.

ಹೆಜ್ಜೆ 4: ಒಪ್ಪದವರಲ್ಲಿ ಅತ್ಯುತ್ತಮರನ್ನು ಕರೆಯಿರಿ

ಇಲ್ಲೇ ಹೆಚ್ಚಿನವರು ನಿಂತುಬಿಡುತ್ತಾರೆ. ಮೀಸಲಾತಿಯ ಪರವಾಗಿರುವವರು ಪರವಾದದ್ದನ್ನೇ ಓದುತ್ತಾರೆ, ವಿರುದ್ಧ ಇರುವವರು ಫೇಸ್‌ಬುಕ್ ಪೋಸ್ಟ್‌ಗೇ ತೃಪ್ತರು. ಎದುರು ಪಕ್ಷವನ್ನು ಓದಬೇಕೆಂದರೆ ಅಲ್ಲಿನ ಗಂಟಲು ದೊಡ್ಡವರನ್ನು ಬಿಟ್ಟು, ತೂಕದವರನ್ನು ಹುಡುಕಬೇಕು. ಸಮಾಜಶಾಸ್ತ್ರಜ್ಞ ಆಂದ್ರೆ ಬೆಟೈಲ್ ಅಂಥವರಲ್ಲಿ ಒಬ್ಬರು. ಜಾತಿಯ ವಿಷಯವನ್ನು ಜೀವಮಾನವಿಡೀ ಅಧ್ಯಯನ ಮಾಡಿದವರು, ಇತರ ಹಿಂದುಳಿದ ವರ್ಗಗಳಿಗೆ ಮಂಡಲ್ ಆಯೋಗ ಹೇಳಿದ ಮಾದರಿಯ ಕೋಟಾವನ್ನು ಗಂಭೀರ ಕಾರಣಗಳಿಟ್ಟು ವಿರೋಧಿಸಿದವರು. ಪರಿಶಿಷ್ಟರ ಮೀಸಲಾತಿ ಮತ್ತು ಇತರ ಹಿಂದುಳಿದ ವರ್ಗಗಳ ಮೀಸಲಾತಿ ಒಂದೇ ತರ್ಕದ ಮೇಲೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ನೀವು ಯಾವ ಕಡೆಯವರಾದರೂ ಅದಕ್ಕೊಂದು ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ಉಪಾಯ: ಯಾವುದೇ ಸಮಿತಿಯ ವರದಿ ಸಿಕ್ಕರೆ ಭಿನ್ನಮತದ ಟಿಪ್ಪಣಿಯನ್ನು ಮೊದಲು ಓದಿ. ಕೇಂದ್ರದ ಮೊದಲ ಹಿಂದುಳಿದ ವರ್ಗಗಳ ಆಯೋಗ 1953ರಲ್ಲಿ ಕಾಕಾ ಕಾಲೇಲ್ಕರ್ ಅಧ್ಯಕ್ಷತೆಯಲ್ಲಿ ರಚನೆಯಾಗಿ 1955ರಲ್ಲಿ ವರದಿ ಕೊಟ್ಟಿತು. ವರದಿಯ ಜೊತೆಗೆ ರಾಷ್ಟ್ರಪತಿಗಳಿಗೆ ಕಳಿಸಿದ ಪತ್ರದಲ್ಲಿ ಅಧ್ಯಕ್ಷರೇ ಜಾತಿ ಆಧಾರದ ಪರಿಹಾರದ ಬಗ್ಗೆ ತಮ್ಮ ಅಸಮ್ಮತಿ ತೋಡಿಕೊಂಡಿದ್ದಾರೆ. ತಾವೇ ಸಹಿ ಹಾಕಿದ ವರದಿಯ ಜೊತೆ ಒಬ್ಬ ಮನುಷ್ಯ ಹೀಗೆ ಗುದ್ದಾಡುವುದನ್ನು ನೋಡಿದರೆ ಈ ಪ್ರಶ್ನೆ ಎಷ್ಟು ತೊಡಕಿನದೆಂದು ಗೊತ್ತಾಗುತ್ತದೆ.

ಹೆಜ್ಜೆ 5: ಮೂಲ ಕಾಗದಕ್ಕೆ ಇಳಿಯಿರಿ

ಸರ್ಕಾರಿ ವರದಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಸಮಾಜದ ಬಗ್ಗೆ ಇರುವ ಅತ್ಯಂತ ರೋಚಕ ಓದು ಅಲ್ಲೇ ಇದೆ. ಭಾಷೆ ಒಣದು, ನಿಜ. ಒಳಗಿರುವುದು ಒಣದಲ್ಲ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಮೈಸೂರು ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲು ಹೆಚ್ಚಿಸುವುದು ಹೇಗೆಂದು ಹೇಳುವುದು ಅದರ ಕೆಲಸ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಅವರಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಮೀಸಲಾತಿ ಎಂದರೆ ಸ್ವಾತಂತ್ರ್ಯಾನಂತರದ ಓಟಿನ ರಾಜಕಾರಣ ಎಂದುಕೊಂಡವರಿಗೂ, ವಿಶ್ವೇಶ್ವರಯ್ಯ ಎಂದರೆ ಕನ್ನಂಬಾಡಿ ಮಾತ್ರ ಎಂದುಕೊಂಡವರಿಗೂ ಈ ಒಂದು ಪ್ರಸಂಗ ಸಾಕು, ಮತ್ತೆ ಮೊದಲಿಂದ ಯೋಚಿಸಲು.

ಈಗ ದೇಶವೆಲ್ಲ ಚರ್ಚಿಸುವ ಶೇಕಡ 50ರ ಮಿತಿಯ ಬೇರೂ ಇಲ್ಲೇ ಇದೆ. 1962ರಲ್ಲಿ ಮೈಸೂರು ರಾಜ್ಯ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಟ್ಟು ಶೇಕಡ 68ರಷ್ಟು ಸೀಟು ಮೀಸಲಿಟ್ಟಿತು. ಸುಪ್ರೀಂ ಕೋರ್ಟು ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನು ಹೊಡೆದುಹಾಕಿ, ಸ್ಥೂಲವಾಗಿ ಮೀಸಲಾತಿ ಅರ್ಧಕ್ಕಿಂತ ಕಡಿಮೆ ಇರಬೇಕೆಂದಿತು. ತೀರ್ಪು ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವಕೀಲರಲ್ಲದವರೂ ಓದಬಹುದು, ಹಿಂದಿನ ತೀರ್ಪುಗಳ ಉಲ್ಲೇಖ ಬಂದಲ್ಲಿ ಹಾರಿಸಿಕೊಂಡು ಹೋಗಿ, ರಾಜ್ಯ ಏನು ವಾದ ಹೂಡಿತು, ಕೋರ್ಟು ಯಾಕೆ ಒಪ್ಪಲಿಲ್ಲ ಎಂಬುದನ್ನಷ್ಟೇ ಹಿಡಿಯಿರಿ.

ಅಲ್ಲಿಂದ ದೇವರಾಜ ಅರಸು ಕಾಲದ, ರಾಜ್ಯದ ಹಿಂದುಳಿದ ವರ್ಗಗಳ ಹಾವನೂರು ಆಯೋಗಕ್ಕೆ ಬರಬಹುದು. 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಶುರುವಾಗಿ 1975ರಲ್ಲಿ ವರದಿ ಬಂತು. ಆ ಕಾಲದ ರಾಜಕಾರಣ ಗೊತ್ತಾಗಬೇಕೆಂದರೆ ರಾಜಕೀಯಶಾಸ್ತ್ರಜ್ಞ ಜೇಮ್ಸ್ ಮ್ಯಾನರ್ ಮತ್ತು ಪತ್ರಕರ್ತ ಇ. ರಾಘವನ್ ಸೇರಿ ಬರೆದ ಇಂಗ್ಲಿಷ್ ಪುಸ್ತಕವಿದೆ, 2009ರದು. ಮೈಸೂರು ಸಂಸ್ಥಾನದ ಕಾಲಕ್ಕೆ ಮ್ಯಾನರರದೇ 1977ರ ಅಧ್ಯಯನ. ಎರಡನ್ನೂ ಓದಿದವರು ವಿಧಾನಸೌಧದ ಈಗಿನ ಸುದ್ದಿಯನ್ನೂ ಬೇರೆ ಥರ ಓದತೊಡಗುತ್ತಾರೆ.

ಸಂವಿಧಾನ ಸಭೆಯ ಚರ್ಚೆಗಳನ್ನೂ ಮರೆಯಬೇಡಿ. 1948ರ ನವೆಂಬರ್ 30ರ ಕಲಾಪ ತೆಗೆಯಿರಿ. ‘ಹಿಂದುಳಿದ’ ಎಂದರೆ ಯಾರು ಎಂದು ಸದಸ್ಯರು ಪೀಡಿಸುತ್ತಾರೆ. ಸರ್ಕಾರ ಯಾರನ್ನು ಹಿಂದುಳಿದವರೆಂದು ಭಾವಿಸುತ್ತದೋ ಅವರು ಎಂದು ಅಂಬೇಡ್ಕರ್ ಉತ್ತರಿಸುತ್ತಾರೆ. ಮುಂದಿನ ಎಲ್ಲ ಆಯೋಗ, ಎಲ್ಲ ಜಗಳ ಈ ಉತ್ತರದ ಹೊಟ್ಟೆಯಲ್ಲೇ ಇದ್ದವು.

ಹೆಜ್ಜೆ 6: ಬದುಕಿದವರ ಮಾತು ಕೇಳಿ

ತೀರ್ಪು, ವರದಿಗಳನ್ನೇ ಓದುತ್ತಿದ್ದರೆ ಜನ ಶೇಕಡಾವಾರು ಆಗಿಬಿಡುತ್ತಾರೆ. ಅದಕ್ಕೇ ನಡುವೆ ಒಂದೆರಡು ಆತ್ಮಕಥನ ಬೇಕು. ದಲಿತ ಲೇಖಕರಾದ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ ಎರಡೂ ಒಂದೊಂದು ವಾರಾಂತ್ಯಕ್ಕೆ ಮುಗಿಯುವಂಥವು. ಒಂದರಲ್ಲಿ ಮಾಗಡಿ ಸೀಮೆಯ ಬಾಲ್ಯ ಮತ್ತು ಬೆಂಗಳೂರು, ಇನ್ನೊಂದರಲ್ಲಿ ವಿಜಯಪುರದ ಕಡೆಯ ಬದುಕು. ಸಿದ್ಧಲಿಂಗಯ್ಯ ನಗಿಸುತ್ತ ಹೇಳುತ್ತಾರೆ, ಮಾಲಗತ್ತಿ ನಗಲು ಬಿಡುವುದಿಲ್ಲ.

ಇವನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿದ್ದು ಕ್ಷೇತ್ರಕಾರ್ಯ ಮಾಡಿದರು, ಪುಸ್ತಕದಲ್ಲಿ ಅದಕ್ಕೆ ‘ರಾಂಪುರ’ ಎಂಬ ಹೆಸರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ವಿಂಗಡಿಸಿ ಸಿದ್ಧ ಮಾಡಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನ ಬಲದ ಮೇಲೆ ಬರೆದ ಪುಸ್ತಕ 1976ರಲ್ಲಿ ಬಂತು. ‘ಪ್ರಬಲ ಜಾತಿ’ (ಜನಸಂಖ್ಯೆ, ಜಮೀನು, ಅಧಿಕಾರದಲ್ಲಿ ಊರಲ್ಲಿ ಮೇಲುಗೈ ಇರುವ ಜಾತಿ) ಎಂಬ ಅವರ ಪರಿಕಲ್ಪನೆ ಇಲ್ಲದೆ ಕರ್ನಾಟಕದ ಚುನಾವಣೆಯ ಬಗ್ಗೆ ಯಾರೂ ಮಾತಾಡಲಾರರು. ಆದರೆ ಊರ ಪಟೇಲರ ಕಡೆಯಿಂದ, ಮೇಲುಜಾತಿಯವನಾಗಿ ತಾವು ಹಳ್ಳಿಯನ್ನು ನೋಡಿದೆವೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಅದೇ ಬಗೆಯ ಹಳ್ಳಿ ಕೇರಿಯ ಕಡೆಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಆತ್ಮಕಥನಗಳಿವೆ. ಯಾವುದೇ ಪುಸ್ತಕ ಹಿಡಿದಾಗಲೂ ಬರೆದವರು ಊರಿನ ಯಾವ ಜಗುಲಿಯ ಮೇಲೆ ಕೂತಿದ್ದರು ಎಂದು ಕೇಳಿಕೊಳ್ಳಿ.

ಹೆಜ್ಜೆ 7: ಪುಸ್ತಕ ಸಿಗುವುದೆಲ್ಲಿ

ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿದೆ; 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಏರ್ಪಾಡು ಅದು. ಹಾಗಾಗಿ ಲೈಬ್ರರಿಗೆ ಹೋಗಲು ಸಂಕೋಚ ಬೇಡ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವಿದೆ, ಜಿಲ್ಲೆಗಳಲ್ಲಿ ಕೇಂದ್ರ ಗ್ರಂಥಾಲಯಗಳಿವೆ, ಗ್ರಾಮ ಪಂಚಾಯಿತಿಗಳಲ್ಲಿ ‘ಅರಿವು ಕೇಂದ್ರ’ಗಳಿವೆ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಜೋಡಿಸಿದ ಲೈಬ್ರರಿಯಾದರೆ 300ರಿಂದ 307ರವರೆಗೆ ಸಮಾಜ, 320ರ ಆಸುಪಾಸು ರಾಜಕೀಯ, 954ರಲ್ಲಿ ಭಾರತದ ಇತಿಹಾಸ. ಹುಡುಕುತ್ತಿದ್ದ ಪುಸ್ತಕ ಇಲ್ಲದಿದ್ದರೂ ಅದರ ಎಡಬಲದಲ್ಲಿ ಏನಿದೆ ನೋಡಿ.

ಕೊಳ್ಳುವವರಿಗೆ ನವಕರ್ನಾಟಕ, ಸಪ್ನಾ, ಗಾಂಧಿ ಬಜಾರಿನ ಅಂಕಿತ, ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳನ್ನು, ಅಂದರೆ ಪ್ರಕಟಣಾ ವಿಭಾಗಗಳನ್ನು, ಜನ ಮರೆತೇಬಿಟ್ಟಿದ್ದಾರೆ. ಮೈಸೂರು, ಧಾರವಾಡ, ಹಂಪಿಯ ಪ್ರಸಾರಾಂಗಗಳಲ್ಲಿ ತೆಳ್ಳನೆಯ ಉಪನ್ಯಾಸ ಪುಸ್ತಕಗಳು ಈಗಲೂ ಅಗ್ಗ. ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಬಳಿ ಲೇಖಕರ ಹೆಸರಿಗಿಂತ ವಿಷಯ ಹೇಳಿ ಕೇಳಿದರೆ ಹೆಚ್ಚು ಫಲ.

ಮುಂಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ ಸಿಗುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೆಯ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕಲು ‘ಸಂಚಯ’ದವರ ‘ಪುಸ್ತಕ ಸಂಚಯ’ ತಾಣವಿದೆ. ಗ್ರೂಪುಗಳಲ್ಲಿ ಹರಿದಾಡುವ ಹೊಸ ಪುಸ್ತಕಗಳ ಪಿಡಿಎಫ್ ಮಾತ್ರ ಮುಟ್ಟಬೇಡಿ. ಕನ್ನಡದಲ್ಲಿ ‘ಮೊದಲ ಮುದ್ರಣ: 1000 ಪ್ರತಿಗಳು’ ಎಂದಿರುವ ಪುಸ್ತಕವೇ ಹೆಚ್ಚು, ಅದರಲ್ಲಿ ಐವತ್ತು ಪ್ರತಿ ಮಾರಾಟವಾಗದಿದ್ದರೂ ಸಣ್ಣ ಪ್ರಕಾಶಕರಿಗೆ ಪೆಟ್ಟು.

ಪ್ರಶ್ನೆ ಬೇರೆಯಾದರೆ

ಹೆಜ್ಜೆಗಳು ಅವೇ. ಉತ್ತರ ಕರ್ನಾಟಕ ಯಾಕೆ ಹಿಂದುಳಿಯಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಮೂಲ ಕಾಗದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಎಣಿಸಿ ತೋರಿಸಿತು. ನಿಮ್ಮ ತಾಲ್ಲೂಕು ಯಾವ ಪಟ್ಟಿಯಲ್ಲಿತ್ತು ಎಂದು ನೋಡುವುದರಿಂದಲೇ ಶುರು ಮಾಡಬಹುದು. ಬರ ಮತ್ತು ಬಡತನಕ್ಕೆ ಪಿ. ಸಾಯಿನಾಥರ 1996ರ ವರದಿಗಳ ಪುಸ್ತಕ, ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದಿದ್ದಾರೆ. ಬರಗಾಲ ಯಾರ್ಯಾರಿಗೆ ಲಾಭ ತರುತ್ತದೆಂದು ಓದಿದ ಮೇಲೆ ‘ಮಳೆ ಬರಲಿಲ್ಲ’ ಎಂಬ ಸುದ್ದಿಯಲ್ಲಿ ಟೆಂಡರು ಯಾರದು ಎಂದು ಕಣ್ಣು ಹುಡುಕುತ್ತದೆ.

ಭೂಮಿಯ ಪ್ರಶ್ನೆಯಾದರೆ ಸಾಗರ ತಾಲ್ಲೂಕಿನ ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹದಿಂದ ಹೊರಟು, ಉಳುವವರಿಗೆ ಭೂಮಿ ಕೊಡಲು 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಗೆ ಬನ್ನಿ. ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಅರ್ಜಿಗೆ ಫಾರಂ ನಂ. 7 ಎಂದು ಹೆಸರು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅದರ ಪ್ರತಿ ಇನ್ನೂ ಇರುತ್ತದೆ, ಗೇಣಿದಾರರ ಮನೆಯಲ್ಲೂ, ಜಮೀನು ಕಳೆದುಕೊಂಡವರ ಮನೆಯಲ್ಲೂ. ಮೊದಲು ಅದನ್ನು ಓದಿ, ಪುಸ್ತಕ ಆಮೇಲೆ ಕೊಳ್ಳಬಹುದು.